ಹಾವು ಸೊರಗಿದೆ ಎಂದರು

ಹಾವು ಹಸಿವಿನಿಂದ ಸಾಯುತ್ತಿರಲಿಲ್ಲ. ನಮ್ಮವರ ಉಪಚಾರದಿಂದ ಸಾಯುತ್ತಿತ್ತು. ನಡೆದದ್ದು ಇಷ್ಟೇ. ಆಮೇಲೆ ಮಗಳೊಂದು ಹೇಳಿದಳು, ಅಳಿಯಂದಿರೊಂದು ಹೇಳಿದರು, ಬಂದವರು ಹೋದವರು ಅದಕ್ಕೆ ಇನ್ನಷ್ಟು ಸೇರಿಸಿದರು. ನಾನು ಕಣ್ಣಾರೆ ಕಂಡಿದ್ದನ್ನು ಮಾತ್ರ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟಗಿದ್ದರೆ ಸೊಟ್ಟಗಿರಲಿ.

ಇದು ಎಂಬತ್ತರ ದಶಕದ ಮಾತು. ಆಗ ನಾನು ಅಮೆರಿಕದ ಸನ್ನಿವೇಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಮಗಳಿಗೆ ಕಂಪ್ಯೂಟರಿನ ಚಿಪ್ಪು ಪರೀಕ್ಷೆ ಮಾಡುವ ಕಂಪನಿಯಲ್ಲಿ ಕೆಲಸ. ಕತ್ತಲಿರುವಾಗಲೇ ಹೋಗಿ ಮಧ್ಯಾಹ್ನ ನಾನು ಊಟ ಮಾಡಿ ಅಡ್ಡಾಗುವ ಹೊತ್ತಿಗೆ ಬಂದುಬಿಡುತ್ತಿದ್ದಳು. ಅಳಿಯಂದಿರು ಇಂಜಿನಿಯರು, ಬರುವಾಗ ಸಾಯಂಕಾಲ. ಮೊಮ್ಮಗಳು ಒಂಬತ್ತು ವರ್ಷದವಳು, ಅಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಬೈದರೆ ಒಂದಕ್ಷರ ಬಿಡದೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಒಂದು ಶನಿವಾರ ಅಳಿಯಂದಿರು ಮೊಮ್ಮಗಳು ಸೇರಿ ದೊಡ್ಡ ಗಾಜಿನ ಪೆಟ್ಟಿಗೆಯೊಂದನ್ನು ಹೊತ್ತುಕೊಂಡು ಒಳಗೆ ಬಂದರು. ಮಗಳು ಅಡುಗೆಮನೆಯಿಂದ ಇಣುಕಿದಳು.

"ಏನ್ರೀ ಅದು?"

"ಟ್ಯಾಂಕು."

"ಮೀನು ಎಲ್ಲಿ?"

ಮೊಮ್ಮಗಳು ತನ್ನ ಕೋಟಿನೊಳಗಿಂದ ಒಂದು ದಿಂಬಿನ ಚೀಲ ತೆಗೆದಳು. ಅದು ಅಲ್ಲಾಡಿತು. ನಾನು ಸೋಫಾದ ಮೇಲೆ ಕಾಲೆತ್ತಿಕೊಂಡವಳು ಊಟಕ್ಕೆ ಕರೆಯುವ ತನಕ ಇಳಿಯಲಿಲ್ಲ.

ಅವಳ ಸ್ಕೂಲಿನ ಮೇಡಂ ಬಾಣಂತನಕ್ಕೆ ರಜೆ ಹಾಕಿ ಹೋಗುತ್ತಿದ್ದರಂತೆ. ಕ್ಲಾಸಿನಲ್ಲಿ ಸಾಕಿದ್ದ ಹಾವನ್ನು ಯಾರಾದರೂ ಮನೆಗೆ ಕರೆದುಕೊಂಡು ಹೋಗಿ ಎಂದಾಗ ಎಲ್ಲ ಮಕ್ಕಳೂ ಕೈಯೆತ್ತಿದರಂತೆ. ಸಹಿ ಹಾಕಿಕೊಟ್ಟ ಅಪ್ಪ ಇವಳಿಗೆ ಮಾತ್ರ ಇದ್ದ. ಕಿತ್ತಳೆ ಬಣ್ಣ, ಮೇಲೆ ಕೆಂಪು ಮಚ್ಚೆ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ವಿಷವಿಲ್ಲವಂತೆ. ಕಾರ್ನ್ ಸ್ನೇಕು ಅಂತ ಅದರ ಜಾತಿ. ಕಾರ್ನು ಅಂದರೆ ಮೆಕ್ಕೆಜೋಳ ಅಂತ ಅಷ್ಟು ಹೊತ್ತಿಗೆ ನನಗೂ ಗೊತ್ತಿತ್ತು. ಸದ್ಯ, ಜೋಳ ತಿನ್ನುವ ಹಾವು, ನಮ್ಮ ಮನೆಗೆ ತಕ್ಕದ್ದೇ ಬಂದಿದೆ ಅಂದುಕೊಂಡೆ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆ.

ಮಾರನೆಯ ದಿನ ಸಾರಿಗೆ ಕಾಯಿತುರಿ ತೆಗೆಯೋಣ ಅಂತ ಫ್ರೀಜರು ತೆರೆದೆ. ಕಾಯಿತುರಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಬಿಳೀ ಇಲಿಗಳು, ಬಾಲ ಸಮೇತ, ಸಾಲಾಗಿ ಮಲಗಿಸಿದ ಹಾಗೆ. ನಾನು ಕಿರುಚಲಿಲ್ಲ. ಬಾಗಿಲು ಮುಚ್ಚಿ ಮಗಳನ್ನು ಕರೆದು, "ನೀನು ತೆಗಿ" ಅಂದೆ. ಅವಳು ಕಿರುಚಿದ್ದು ಪಕ್ಕದ ಮನೆಯ ಮುದುಕನಿಗೂ ಕೇಳಿಸಿತು, ಅವನು ಬಂದು ಬಾಗಿಲು ಬಡಿದ.

ಆವತ್ತು ಅವಳು ಗಂಡನಿಗೂ ಮಗಳಿಗೂ ಸೇರಿಸಿ ಹೇಳಿದಳು. ಇಲಿ ಇರಬೇಕಾದ್ದು ಗ್ಯಾರೇಜಿನ ಹಳೆಯ ಫ್ರಿಜ್ಜಿನಲ್ಲಿ. ತಾನು ಹಾವನ್ನೂ ಮುಟ್ಟುವುದಿಲ್ಲ, ಅದರ ಊಟವನ್ನೂ ಮುಟ್ಟುವುದಿಲ್ಲ. "ಇನ್ನೊಂದು ಮಾತು. ಅದಕ್ಕೆ ಕಾಯಿಲೆ ಗೀಯಿಲೆ ಅಂತ ಏನಾದ್ರೂ ಆದ್ರೆ ಆವತ್ತೇ ವಾಪಸ್ಸು. ಒಂದು ಪ್ರಾಣಿ ನನ್ನ ಮನೇಲಿ ನರಳಿ ಸಾಯಕೂಡದು. ಗೊತ್ತಾಯ್ತಾ?"

"ಓಕೆ, ಅಮ್ಮ," ಅಂತು ಮಗು. ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳು ಅಂತ ನಮಗೆ ಆಮೇಲೆ ತಿಳಿಯಿತು.

ವಾರಕ್ಕೊಂದು ಇಲಿ, ಶನಿವಾರ. ಬೇರೆಯೇ ಇಟ್ಟ ಒಂದು ಹಳೆಯ ಲೋಟದಲ್ಲಿ ಬಿಸಿನೀರು ಹಾಕಿ ಅದರಲ್ಲಿ ಇಲಿಯನ್ನು ನೆನೆಸಿ, ಅಳಿಯಂದಿರು ಇಕ್ಕಳದಲ್ಲಿ ಹಿಡಿಯುತ್ತಿದ್ದರು. ಹಾವು ಮೊದಲು ನಾಲಗೆ ಆಡಿಸುತ್ತಿತ್ತು. ಆಮೇಲೆ ಫಟ್ಟನೆ ಹಿಡಿದು, ಸುತ್ತಿ, ತಲೆಯ ಕಡೆಯಿಂದ ನುಂಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೋಡಬಾರದು ಅನ್ನಿಸುತ್ತಿತ್ತು, ಆದರೂ ನೋಡುತ್ತಿದ್ದೆ.

ತೊಂದರೆ ಶುರುವಾದದ್ದು ನೋಡಲು ಬಂದವರಿಂದ. ಸನ್ನಿವೇಲ್‌ನಲ್ಲಿ ಆಗ ನಮ್ಮ ಕಡೆಯ ಮನೆಗಳು ಬೆರಳೆಣಿಕೆಯಷ್ಟು. ಒಬ್ಬರ ಮನೆಗೆ ಹೊಸ ಸೋಫಾ ಬಂದರೂ ಎಲ್ಲರೂ ನೋಡಿಹೋಗುತ್ತಿದ್ದರು. ಹಾವು ಬಂದರೆ ಬಿಡುತ್ತಾರೆಯೇ? ಒಬ್ಬರು ಬಂದು ಕೈ ಮುಗಿದರು. ಇನ್ನೊಬ್ಬರು ಹಾಲು ತಂದಿದ್ದರು, "ಅದಕ್ಕೆ ಬೇಡ, ತನ್ನಿ, ಕಾಫಿಗಾಗುತ್ತೆ" ಅಂತ ನಾನೇ ಇಸಿದುಕೊಂಡೆ. ಆದರೆ ಬಂದವರೆಲ್ಲ ಹೊರಡುವಾಗ ಒಂದೇ ಮಾತು ಆಡಿದರು. ಹುಬ್ಬಳ್ಳಿ ಕಡೆಯ ಹೆಂಗಸೊಬ್ಬಳು, ಕೊಲ್ಲಿಯ ಆಚೆ ದಡದ ನ್ಯೂವಾರ್ಕಿನಿಂದ ಸೇತುವೆ ದಾಟಿ ಬಂದವಳು, ಗಾಜಿಗೆ ಮೂಗು ತಾಗಿಸಿ ನೋಡಿ ಹೇಳಿದಳು:

"ಅಯ್ಯ, ಭಾಳ ಸೊರಗೇತಲ್ಲವಾ ಪಾಪ! ಹೊಟ್ಟಿಗೆ ಸರಿಯಾಗಿ ಹಾಕೂದಿಲ್ಲೇನು ಅದಕ್ಕ?"

"ಹಾಕ್ತಾರೆ ಕಣಮ್ಮ. ಇಲಿ ಹಾಕ್ತಾರೆ. ತಂದು ತೋರಿಸಲಾ?" ಅಂದೆ.

"ಶಿವ ಶಿವಾ!" ಅಂತ ಸೆರಗು ಬಾಯಿಗೆ ಇಟ್ಟುಕೊಂಡಳು. ಆದರೂ ಚಪ್ಪಲಿ ಮೆಟ್ಟುವಾಗ ಮಗಳ ಕೈ ಹಿಡಿದು, "ಒಂದೀಟು ನೋಡಿಕೋರಿ, ಹಿಂಗಾದ್ರ ಹೆಂಗ" ಅಂದುಹೋದಳು.

ನಮ್ಮಲ್ಲಿ ಯಾರನ್ನು ಕಂಡರೂ ಸೊರಗಿದ್ದೀಯಾ ಅನ್ನುವುದು ಪದ್ಧತಿ. ಕೂಸು ಗುಂಡುಕಲ್ಲಿನ ಹಾಗಿದ್ದರೂ "ಏನಮ್ಮಾ, ಮಗು ಇಳಿದುಹೋಗಿದೆ" ಅನ್ನಬೇಕು. ಚೆನ್ನಾಗಿ ಮೈ ಕೈ ತುಂಬಿಕೊಂಡಿದೆ ಅಂದುಬಿಟ್ಟರೆ ದೃಷ್ಟಿ. ಆಮೇಲೆ ಕೂಸಿಗೆ ಹೊಟ್ಟೆನೋವು ಬಂದರೆ ಅಂದವಳ ಕಣ್ಣಿಗೆ ಮೆಣಸಿನಕಾಯಿ ನಿವಾಳಿಸುತ್ತಾರೆ. ಅದಕ್ಕೇ ಯಾರೂ ಅನ್ನುವುದಿಲ್ಲ. ಕೇಳಿದ ತಾಯಿಯೂ ಅದನ್ನು ನಿಜ ಅಂತ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ತುತ್ತು ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು. ಹಾವಿಗೂ ಅವರು ಆಡಿದ್ದು ಅದೇ ಮಾತು. ಹಾವಿಗೆ ಕೆಟ್ಟ ಕಣ್ಣು ಬೀಳದಿರಲಿ ಅಂತ.

ಆದರೆ ಕೂಸಾದರೆ ಕೆನ್ನೆ ಇದೆ, ತೊಡೆ ಇದೆ, ನೋಡಿದರೆ ಗೊತ್ತಾಗುತ್ತದೆ. ಹಾವಿಗೆ ಏನಿದೆ? ಹಗ್ಗ. ಹಗ್ಗಕ್ಕೆ ಕೆನ್ನೆ ಯಾವುದು, ಸೊಂಟ ಯಾವುದು? ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದೋ, ಹಗಲೆಲ್ಲ ಮುದುಡಿ ಮಲಗಿ, ಸಾಯಂಕಾಲವಾದರೆ ಗಾಜಿನುದ್ದಕ್ಕೂ ಓಡಾಡುತ್ತಿತ್ತು. ಮೂತಿಯಿಂದ ಮುಚ್ಚಳ ತಳ್ಳುತ್ತಿತ್ತು. ಹತ್ತಿರ ಹೋದವರ ಕಡೆ ತಿರುಗಿ ನಾಲಗೆ ಆಡಿಸುತ್ತಿತ್ತು. ಅಳಿಯಂದಿರು ಕಾಫಿ ಹಿಡಿದುಕೊಂಡು ಅದರ ಮುಂದೆ ನಿಂತು, "ಹಸಿವೇನೋ ಅತ್ತೆ, ನೋಡಿ ಹೇಗೆ ಕೇಳ್ತಿದೆ" ಅನ್ನುವರು. ಮೊಮ್ಮಗಳು, "ಶಿ ಈಸ್ ಸೋ ಥಿನ್, ಅಜ್ಜಿ" ಅನ್ನುವಳು. ಮಗಳು ಪಾತ್ರೆಯನ್ನು ಜೋರಾಗಿ ಇಡುತ್ತಿದ್ದಳು, ಅಷ್ಟೆ.

ಹೀಗೇ ಚಳಿಗಾಲ ಬಂತು. ಒಂದು ದಿನ ಮಧ್ಯಾಹ್ನ ಮಲಗಿ ಎದ್ದೆ. ಮಗಳು ಅಂಗಡಿಗೆ ಹೋಗಿದ್ದಳು. ಮೊಮ್ಮಗಳು ಸ್ಕೂಲಿನಿಂದ ಬಂದಿರಬೇಕು, ಚೀಲ ಬಾಗಿಲಲ್ಲೇ ಬಿದ್ದಿತ್ತು. ಮನೆಯಲ್ಲಿ ಏನೋ ವಾಸನೆ. ಕೊಳೆತ ವಾಸನೆ, ನಮ್ಮ ಮನೆಯಲ್ಲಿ ಯಾವತ್ತೂ ಬಾರದ ವಾಸನೆ. ಹಾಲಿಗೆ ಬಂದು ನೋಡಿದರೆ ಹುಡುಗಿ ಟ್ಯಾಂಕಿನ ಮುಚ್ಚಳ ತೆಗೆದು, ಪೇಪರ್ ಟವಲ್ಲಿನ ದೊಡ್ಡ ಮುದ್ದೆ ಕೈಯಲ್ಲಿ ಹಿಡಿದುಕೊಂಡು, ಶಬ್ದ ಮಾಡದೆ ಅಳುತ್ತಿದ್ದಳು.

"ಏನೇ ಅದು?"

"ನಥಿಂಗ್."

"ನಥಿಂಗು ಹಿಂಗೆ ನಾರುತ್ತಾ?"

"ಅಮ್ಮಂಗೆ ಹೇಳ್ಬೇಡ ಅಜ್ಜಿ. ಪ್ಲೀಸ್. ಅಮ್ಮ ವಿಲ್ ಸೆಂಡ್ ಹರ್ ಬ್ಯಾಕ್."

ಆ ಮಗುವಿನ ಬಾಯಲ್ಲಿ ಇಷ್ಟುದ್ದ ಕನ್ನಡ ಒಮ್ಮೆಲೇ ಬಂದದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ಹತ್ತಿರ ಹೋದೆ. ಹಾವು ವಾಂತಿ ಮಾಡಿತ್ತು. ಹಾವು ವಾಂತಿ ಮಾಡುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅರ್ಧ ಕರಗಿದ ಇಲಿ, ಕೂದಲೆಲ್ಲ ಒದ್ದೆಯಾಗಿ ಅಂಟಿಕೊಂಡು, ಉದ್ದಕ್ಕೆ ಎಳೆದ ಹಾಗೆ. ಒಂದಲ್ಲ, ಎರಡು. ಹಾವು ಮೂಲೆಯಲ್ಲಿ ಬಾಯಿ ಸ್ವಲ್ಪ ತೆರೆದುಕೊಂಡು ಬಿದ್ದಿತ್ತು.

ಸೆರಗು ಮೂಗಿಗೆ ಒತ್ತಿಕೊಂಡೆ. ಆದರೂ ಕಣ್ಣು ಅಲ್ಲೇ ಇತ್ತು, ಅದಕ್ಕೇ ಕಂಡಿತು. ಒಂದು ಇಲಿ ಬಿಳಿ. ಇನ್ನೊಂದು ಕಂದು.

"ಲೇ, ನೀವು ಹಾಕಿದ್ದು ಬಿಳಿ ಇಲಿ ಅಲ್ವೇನೆ?"

"ವೈಟ್. ಆಲ್ವೇಸ್ ವೈಟ್. ಸಾಟರ್ಡೆ."

"ಹಾಗಾದ್ರೆ ಈ ಕಂದು ಯಾರದು?"

ಹುಡುಗಿ ಬಗ್ಗಿ ನೋಡಿದಳು. ಅವಳ ಮುಖವೂ ಬಿಳಿಯಾಯಿತು. ಇಬ್ಬರಿಗೂ ಒಂದೇ ಯೋಚನೆ ಬಂದಿರಬೇಕು. ಗ್ಯಾರೇಜಿನಲ್ಲಿ ಇಲಿ ಓಡಾಡುತ್ತದೆ ಅಂತ ಮನೆಯ ಮಾಲೀಕ ಹಿಂದಿನ ವಾರವೇ ಮೂಲೆಮೂಲೆಗೆ ಹಸಿರು ಪಾಷಾಣದ ಗುಳಿಗೆ ಇಟ್ಟುಹೋಗಿದ್ದ. ಪಾಷಾಣ ತಿಂದ ಇಲಿ ಒಳಗೆ ಬಂದು ಈ ಹಾವಿನ ಬಾಯಿಗೆ ಬಿದ್ದಿದ್ದರೆ? ಮುಚ್ಚಳದ ಬದಿಯಲ್ಲಿ ಸಂದು ಇದ್ದೇ ಇತ್ತು.

ಇನ್ನು ಮುಚ್ಚಿಡುವ ಮಾತೇ ಇರಲಿಲ್ಲ. "ಅಪ್ಪಂಗೆ ಫೋನ್ ಮಾಡು" ಅಂದೆ. ಹುಡುಗಿ ಮಾಡಿದಳು. ಅಳಿಯಂದಿರು ಲಾಸ್ ಆಲ್ಟೋಸ್ ಕಡೆ ಹಾವು ನೋಡುವ ಪ್ರಾಣಿ ಡಾಕ್ಟರೊಬ್ಬರು ಇದ್ದಾರೆ ಅಂತ ಯಾರನ್ನೋ ಕೇಳಿ ತಿಳಿದುಕೊಂಡು, ಮೀಟಿಂಗು ಬಿಟ್ಟು ಓಡಿಬಂದರು. ಅವರು ಹಾವನ್ನು ದಿಂಬಿನ ಚೀಲಕ್ಕೆ ಹಾಕುತ್ತಿರುವಾಗ ಮಗಳೂ ಅಂಗಡಿಯಿಂದ ಬಂದಳು. ನಾನು ನೇರ ಹೇಳಿದೆ: "ಹಾವು ವಾಂತಿ ಮಾಡಿದೆ. ಗ್ಯಾರೇಜಿನ ಇಲಿ ತಿಂದಿರಬೇಕು. ವಿಷ ಅಂತ ಕಾಣುತ್ತೆ."

ಆವತ್ತೇ ವಾಪಸ್ಸು ಅನ್ನುತ್ತಾಳೆ ಅಂತ ಕಾದೆ. ಮಗುವೂ ಕಾದಳು, ಉಸಿರು ಹಿಡಿದುಕೊಂಡು. ಮಗಳು ತಂದ ಸಾಮಾನನ್ನು ನೆಲದ ಮೇಲಿಟ್ಟು, "ನಾನೂ ಬರ್ತೀನಿ" ಅಂದು ಕಾರಿನಲ್ಲಿ ಕೂತಳು. ನಾನೂ ಮೊಮ್ಮಗಳೂ ಹಿಂದೆ ಕೂತೆವು. ದಾರಿಯುದ್ದಕ್ಕೂ ಮಗಳು ಹಿಂದೆ ತಿರುಗಿ ತಿರುಗಿ ಆ ಚೀಲವನ್ನೇ ನೋಡುತ್ತಿದ್ದಳು. ಮಗಳಿಗೆ ಹಾವಿನ ಮೇಲೆ ಇಷ್ಟು ಕರುಣೆ ಯಾವಾಗ ಬಂತು ಅಂತ ನನಗೆ ಆಶ್ಚರ್ಯವಾಯಿತು.

ಡಾಕ್ಟರು ಹೆಂಗಸು, ಎತ್ತರದ ಆಳು. ಹಾವನ್ನು ಚೀಲದ ಸಮೇತ ತಕ್ಕಡಿಗಿಟ್ಟು, ಆಮೇಲೆ ಹೊರಗೆ ತೆಗೆದು, ಕೈಯಿಂದ ಕೈಗೆ ಹಾಯಿಸಿಕೊಂಡು ಉದ್ದಕ್ಕೂ ಒತ್ತಿ ನೋಡಿದರು. ಅಳಿಯಂದಿರು ವಿಷದ ಮಾತು ಹೇಳಿದರು. ಡಾಕ್ಟರ ಮುಖ ಬಿಗಿಯಿತು. ಒಳಗಿನವರನ್ನು ಕರೆದು ಏನೋ ಹೇಳಿದರು. ಅವರು ಸಣ್ಣ ಕೊಳವೆಯೊಂದನ್ನು ತಂದಿಟ್ಟರು.

"ಏನಂತೆ?" ಅಂದೆ.

"ಹೊಟ್ಟೆಗೆ ಟ್ಯೂಬು ಹಾಕ್ಬೇಕಂತೆ ಅತ್ತೆ. ವಿಷ ಆಗಿದ್ರೆ ಹಾಕಲೇಬೇಕು, ಆದ್ರೆ ಈಗಿರೋ ಸ್ಥಿತೀಲಿ ಅದು ತಡೆಯುತ್ತೋ ಇಲ್ವೋ ಹೇಳಕ್ಕಾಗಲ್ಲ ಅಂತಿದ್ದಾರೆ."

ಮೊಮ್ಮಗಳು ಮೇಜಿನ ಅಂಚು ಹಿಡಿದುಕೊಂಡಳು. ಡಾಕ್ಟರು ಹಾವಿನ ತಲೆ ಹಿಡಿದು ಕೊಳವೆ ಎತ್ತಿಕೊಂಡರು.

"ಬೇಡ!" ಅಂದಳು ಮಗಳು. ಕನ್ನಡದಲ್ಲೇ ಅಂದುಬಿಟ್ಟಳು, ಆಮೇಲೆ ಇಂಗ್ಲಿಷಿನಲ್ಲಿ. ಆಮೇಲೆ ಗಂಡನ ಕಡೆ ತಿರುಗಿ, "ವಿಷ ಅಲ್ಲರೀ. ಅದು ಗ್ಯಾರೇಜಿನ ಇಲಿ ಅಲ್ಲ. ಆ ಕಂದು ಇಲಿ ನಾನೇ ಹಾಕಿದ್ದು."

ನಾನು ಗೋಡೆಗೆ ಒರಗಿಕೊಂಡೆ. ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ಹೆಚ್ಚುಮಣೆ ಸಮೇತ ತೊಟ್ಟಿಗೆ ಹಾಕುವವಳು ನನ್ನ ಮಗಳು. ಕಾಯಿಪಲ್ಯದ ಕತ್ತಿಗೆ ಬೇರೆಯವರ ಮನೆಯ ಕತ್ತಿ ತಾಗಕೂಡದು ಅನ್ನುವವಳು. ಅವಳು ಇಲಿ ಹಾಕಿದಳೇ?

"ನೀನಾ?" ಅಂದರು ಅಳಿಯಂದಿರು.

"ಮತ್ತಿನ್ನೇನು ಮಾಡ್ಲಿ? ಬಂದೋರೆಲ್ಲ ಸೊರಗಿದೆ ಸೊರಗಿದೆ ಅಂತಾರೆ. ಆ ಹುಬ್ಬಳ್ಳಿಯೋರು ನನ್ನ ಕೈ ಹಿಡಕೊಂಡು ಅಂದುಹೋದ್ರು. ನಮ್ಮನೆ ಬಾಗಿಲಿಗೆ ಬಂದ ಜೀವ ಹಸಕೊಂಡಿದೆ ಅಂತ ಊರೆಲ್ಲ ಆಡಿಕೊಳ್ಳಲಿ ಅಂತಾನಾ? ನೀವು ವಾರಕ್ಕೊಂದು ಹಾಕಿ ಕೈ ತೊಳಕೊಂಡ್ರಿ. ನಾನು ಕೆಲಸದಿಂದ ಬರ್ತಾ ಬೇರೆ ಅಂಗಡೀಲಿ ತಗೊಂಡು ಬರ್ತಿದ್ದೆ. ಅಲ್ಲಿ ಕಂದುವೇ ಸಿಗೋದು. ಅಮ್ಮ ಮಲಗಿರೋವಾಗ ಹಾಕ್ತಿದ್ದೆ. ಕಣ್ಣು ಮುಚ್ಚಿಕೊಂಡು ಹಾಕ್ತಿದ್ದೆ."

ಡಾಕ್ಟರು ಕೊಳವೆ ಕೆಳಗಿಟ್ಟು ಏನೆಂದು ಕೇಳಿದರು. ಹೇಳಬೇಕಾದ ಅಳಿಯಂದಿರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ನಾನೂ..." ಅಂದರು.

"ನೀವೂ ಏನು?"

"ನಾನೂ ವಾರದ ಮಧ್ಯೆ ಒಂದು ಹಾಕ್ತಿದ್ದೆ. ನೀವೆಲ್ಲ ಮಲಗಿದ ಮೇಲೆ. ಪಾಪ, ಓಡಾಡ್ತಿತ್ತು..."

ಮೊಮ್ಮಗಳು ಅವರಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡಿದಳು. ಆಮೇಲೆ ಎಲ್ಲರೂ ಸೇರಿ ನನ್ನ ಕಡೆ ನೋಡಿದರು.

"ನನ್ನ ಮುಖ ಏನು ನೋಡ್ತೀರಿ? ನಾನು ಇವತ್ತಿನ ತನಕ ಆ ಗಾಜಿನ ಹತ್ತಿರ ಕೂಡ ಹೋಗಿರಲಿಲ್ಲ" ಅಂದೆ.

ಡಾಕ್ಟರಿಗೆ ಎಲ್ಲ ಹೇಳಿ ಮುಗಿಯುವ ಹೊತ್ತಿಗೆ ಆಯಮ್ಮ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ಬೈಯಲಿಲ್ಲ. ಈ ಹಾವು ಸೊರಗಿದೆ ಅಂತ ನಿಮಗೆ ಹೇಳಿದವರು ಯಾರು ಅಂತ ಕೇಳಿದರು. ಎಲ್ಲರೂ ಹೇಳಿದರು ಅಂದಳು ಮಗಳು. ಎಲ್ಲರೂ ಅಂದರೆ ಡಾಕ್ಟರುಗಳಾ? ಅಲ್ಲ, ಫ್ರೆಂಡ್ಸು. ಡಾಕ್ಟರಿಗೆ ಅದು ಹೇಗೆ ಅರ್ಥವಾಗಬೇಕು? ನಮಗೇ ವಿವರಿಸಿ ಹೇಳಲು ಬಾರದ ಮಾತು ಅದು. ಮೊಮ್ಮಗಳು ಮಾತ್ರ ಮೆಲ್ಲಗೆ ಅಂದಳು, "ದೇ ಸೇ ಇಟ್ ಟು ಮಿ ಟೂ. ಎವ್ರಿ ಟೈಮ್." ಅವಳ ದುಂಡು ಕೆನ್ನೆ ನೋಡಿ ಡಾಕ್ಟರಿಗೆ ಏನು ತಿಳಿಯಿತೋ, ತುಟಿ ಕಚ್ಚಿಕೊಂಡರು.

ಆಮೇಲೆ ಹಾವನ್ನು ಮೇಜಿನ ಮೇಲೆ ಹರಡಿ ತೋರಿಸಿದರು. ನಾನೂ ಬಗ್ಗಿದೆ. ನಿಜವಾಗಿ ಹಸಿದ ಹಾವಾದರೆ ಬೆನ್ನುಮೂಳೆ ಮನೆಯ ಸೂರಿನ ಹಾಗೆ ಚೂಪಾಗಿ ಎದ್ದು ನಿಲ್ಲುತ್ತದಂತೆ, ಎರಡೂ ಪಕ್ಕ ಇಳಿಜಾರು, ಚರ್ಮ ಸಡಿಲ. ಸರಿಯಾಗಿರುವುದು ಮೇಲೆ ದುಂಡಗೆ, ತಳ ಚಪ್ಪಟೆ. ಇದರ ಬೆನ್ನಿನ ಮೇಲೆ ಬೆರಳು ಹಾಯಿಸಿದರೆ ಮೂಳೆ ಸಿಗುವುದೇ ಇಲ್ಲ. ಬಗ್ಗಿಸಿದ ಕಡೆ ಮಡಿಕೆ ಬೀಳುತ್ತಿತ್ತು, ನಮ್ಮ ಸೊಂಟದ ಕೊಬ್ಬಿನ ಹಾಗೆ. ಚಿಪ್ಪುಗಳು ದೂರದೂರ ಸರಿದು ನಡುವೆ ಚರ್ಮ ಕಾಣುತ್ತಿತ್ತು. ಬಾಲ ಶುರುವಾಗುವ ಕಡೆ ಮೈ ಥಟ್ಟನೆ ನಿಂತುಹೋಗಿ, ದಪ್ಪ ದಿಂಬಿಗೆ ತೆಳು ದಾರ ಹೊಲಿದ ಹಾಗಿತ್ತು.

"ಮತ್ತೆ ಕೊಟ್ಟಿದ್ದನ್ನೆಲ್ಲ ತಿಂತಿತ್ತಲ್ಲ? ಹಸಿವಿಲ್ಲದೆ ಯಾರು ತಿಂತಾರೆ?" ಅಂದೆ. ಅಳಿಯಂದಿರು ಕೇಳಿ ಹೇಳಿದರು.

ಹಾವು ಹಸಿವಾಯಿತು ಅಂತ ತಿನ್ನುವುದಿಲ್ಲವಂತೆ. ಸಿಕ್ಕಿತು ಅಂತ ತಿನ್ನುತ್ತದಂತೆ. ಕಾಡಿನಲ್ಲಿ ಮುಂದಿನ ಊಟ ಯಾವಾಗಲೋ, ಬಂದದ್ದನ್ನು ಬಿಡುವ ಬುದ್ಧಿ ಅದಕ್ಕೆ ಇಲ್ಲ. ಸಾಯಂಕಾಲ ಓಡಾಡುವುದೂ ಹಸಿವಿಗೇ ಅಂತ ಅಲ್ಲ, ಅದರ ಬೆಳಗು ಅದೇ ಹೊತ್ತಿಗೆ. ಮೊದಲಿನ ಊಟ ಅರಗುವ ಮುಂಚೆ ಇನ್ನೊಂದು, ಅದರ ಮೇಲೆ ಮತ್ತೊಂದು ಬಿದ್ದರೆ ಒಳಗೇ ಕೊಳೆತು ವಾಪಸ್ಸು ಬರುತ್ತದೆ. ಹಾಗೆ ಬರುವಾಗ ಗಂಟಲು ಸುಟ್ಟುಹೋಗಿರುತ್ತದೆ. ಈಗ ಎರಡು ವಾರ ಏನೂ ಹಾಕಕೂಡದು. ನೀರು, ಬಿಸಿ, ಸುಮ್ಮನಿರುವ ಜಾಗ, ಇಷ್ಟೇ. ಆ ಎರಡು ವಾರದಲ್ಲಿ ಯಾರಾದರೂ ಪಾಪ ಅಂತ ಇನ್ನೊಂದು ಹಾಕಿದರೆ ಬದುಕುವುದಿಲ್ಲ. ಆಮೇಲೆ ಮೊದಲಿನದಕ್ಕಿಂತ ಸಣ್ಣ ಇಲಿ, ಅದೂ ಅಪರೂಪಕ್ಕೆ.

"ಬದುಕುತ್ತಾ?" ಅಂತ ಕೇಳಿದಳು ಮೊಮ್ಮಗಳು. ಕನ್ನಡದಲ್ಲಿ ಕೇಳಿದಳು, ಡಾಕ್ಟರಿಗೆ ಅರ್ಥವಾಗುವುದಿಲ್ಲ ಅನ್ನುವುದೂ ಮರೆತು.

ಡಾಕ್ಟರು ಅವಳ ಅಪ್ಪ ಅಮ್ಮನ ಕಡೆ ಬೆರಳು ತೋರಿಸಿ ಹೇಳಿದ ಮಾತು ನನಗೂ ಅರ್ಥವಾಯಿತು. ಇವರು ಸುಮ್ಮನಿದ್ದರೆ ಬದುಕುತ್ತದೆ.

ಹಿಂದಕ್ಕೆ ಬರುವಾಗ ಫ್ರೀವೇಯಲ್ಲಿ ಕಾರು ನಿಂತು ನಿಂತು ಹೋಗುತ್ತಿತ್ತು. ಚೀಲ ಮೊಮ್ಮಗಳ ತೊಡೆಯ ಮೇಲಿತ್ತು. "ವಾಪಸ್ಸು ಕಳಿಸ್ತೀಯಾ ಅಮ್ಮ?" ಅಂದಳು ಸ್ವಲ್ಪ ಹೊತ್ತಾದ ಮೇಲೆ.

"ಯಾವ ಮುಖ ಇಟ್ಟುಕೊಂಡು ಕಳಿಸ್ಲಿ?" ಅಂದಳು ಮಗಳು. ಒಂದು ನಿಮಿಷವೂ ಆಗಿರಲಿಲ್ಲ, ಮತ್ತೆ ಹಿಂದೆ ತಿರುಗಿ, "ಎರಡು ವಾರ ಅಂದ್ರೆ ಎರಡು ವಾರವೂ ಏನೂ ಇಲ್ವಾ? ಒಂದು ಚಿಕ್ಕದೂ..." ಅಂದಳು.

"ಅಮ್ಮಾ!" ಅಂತ ಕಿರುಚಿತು ಮಗು.

ಅಳಿಯಂದಿರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಅವಳು ಹೇಳಿದ್ದು ಸುಮ್ನೆ, ಅತ್ತೆ. ಹಾಕಲ್ಲ ಬಿಡಿ" ಅಂದರು. ಅಂದವರ ಧ್ವನಿಯಲ್ಲೂ ಬಲವಿರಲಿಲ್ಲ. ನನಗೆ ಆ ಹೊತ್ತಿಗೆ ಖಾತ್ರಿಯಾಯಿತು. ವಿದ್ಯೆ ಇದೆ, ಡಾಕ್ಟರು ಬಾಯಿಬಿಟ್ಟು ಹೇಳಿದ್ದಾರೆ, ಕೊಬ್ಬನ್ನು ಕಣ್ಣಿಗೆ ತೋರಿಸಿದ್ದಾರೆ. ಆದರೂ ಶನಿವಾರ ಇನ್ನೊಬ್ಬಳು ಬಂದು ಗಾಜಿಗೆ ಮೂಗು ತಾಗಿಸಿ ಪಾಪ ಅಂದರೆ, ಇವರ ಕೈ ತಡೆಯುವುದಿಲ್ಲ. ಈ ಹಾವು ಸತ್ತರೆ ಆ ಹುಡುಗಿ ಇವರಿಬ್ಬರನ್ನೂ ಮರೆಯುವುದಿಲ್ಲ. ನನ್ನ ಹಾಗೇ ಅದೂ ಕಣ್ಣೀರು ಸುರಿಸಿ ಮರೆತುಹೋಗುವ ಜಾತಿಯಲ್ಲ.

ಮಾರನೆಯ ಬೆಳಗ್ಗೆ ಎದ್ದು ಮುಖ ತೊಳೆದು, ನನ್ನ ರೂಮಿನಲ್ಲಿ ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿದೆ. ಔಷಧಿ ಡಬ್ಬ, ಎಣ್ಣೆ ಸೀಸೆ, ಉಣ್ಣೆ ಟೋಪಿ ಎಲ್ಲ ಹಾಸಿಗೆಯ ಕೆಳಗೆ ತಳ್ಳಿದೆ. ಅಳಿಯಂದಿರು ಕಾಫಿಗೆ ಇನ್ನೂ ಕೂತಿರಲಿಲ್ಲ. "ಆಮೇಲೆ ಕುಡೀರಂತೆ, ಮೊದಲು ಆ ಟ್ಯಾಂಕು ಎತ್ತಿ" ಅಂದೆ.

"ಎಲ್ಲಿಗೆ ಅತ್ತೆ?"

"ನನ್ನ ರೂಮಿಗೆ."

ಆವತ್ತು ಕೆಲಸಕ್ಕೆ ರಜೆ ಹಾಕಿದ್ದ ಮಗಳು ಚಮಚ ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. "ಅಮ್ಮ, ನಿಂಗೆ ತಲೆ ಕೆಟ್ಟಿದ್ಯಾ? ಹಾವಿನ ಜೊತೆ ಮಲಗ್ತೀಯಾ?"

"ಹಾವಿಂದ ನಂಗೇನೂ ಆಗಲ್ಲ. ನಿನ್ನಿಂದ ಅದಕ್ಕೆ ಆಗುತ್ತೆ."

ಅಳಿಯಂದಿರು ಎತ್ತಿ ತಂದಿಟ್ಟರು. ಮೊಮ್ಮಗಳು ಟ್ಯಾಂಕಿಗೆ ಬಿಸಿ ಕೊಡುವ ತಂತಿಯನ್ನು ಗೋಡೆಗೆ ಸಿಕ್ಕಿಸಿ, ನೀರಿನ ಬಟ್ಟಲು ತೊಳೆದು ತುಂಬಿಟ್ಟು, ಸ್ಕೂಲಿನ ಬಸ್ಸಿಗೆ ಓಡಿದಳು. ನಾನು ಗ್ಯಾರೇಜಿಗೆ ಹೋಗಿ ಹಳೆಯ ಫ್ರಿಜ್ಜಿನಿಂದ ಬಿಳಿ ಇಲಿಯ ಚೀಲ ತೆಗೆದೆ. ಐಸ್‌ಕ್ರೀಂ ಡಬ್ಬದಲ್ಲಿ ಮಗಳು ಬಚ್ಚಿಟ್ಟಿದ್ದ ಕಂದು ಇಲಿಯನ್ನೂ ಹುಡುಕಿ ತೆಗೆದೆ. ಎರಡನ್ನೂ ಸೆರಗಿಗೆ ತಾಗದ ಹಾಗೆ ದೂರ ಹಿಡಿದುಕೊಂಡು ಬೀದಿಬದಿಯ ಕಸದ ಡಬ್ಬಕ್ಕೆ ಹಾಕಿ, ಮೇಲೆ ಹಳೆಯ ಪೇಪರು ಒತ್ತಿದೆ. ಒಳಗೆ ಬಂದು ಕೈಯನ್ನು ಸೋಪಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಆಮೇಲೆ ರೂಮಿನ ಬಾಗಿಲು ಎಳೆದುಕೊಂಡು, ಅದಕ್ಕೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ.